ಮಳೆ ಬರಲಿ, ಮಣ್ಣು ಉಳಿಯಲಿ

(ಸಂಜೆಯ ಕಲಿಕಾ ಕೇಂದ್ರದಲ್ಲಿ ಮಹಿಳೆಯರ ಮುಂದೆ ಆಡಿದ ಮಾತು)

ಅಮ್ಮಂದಿರೇ, ಅಕ್ಕಂದಿರೇ, ತಂಗಿಯರೇ,

ಹೊಲದ ಕೆಲಸ ಮುಗಿಸಿ, ಹಸು ಕಟ್ಟಿ, ಒಲೆ ಆರಿಸಿ ಬಂದಿದ್ದೀರಿ. ಕೂತ್ಕೊಳ್ಳಿ. ಇವತ್ತು ಹೊಸ ಅಕ್ಷರ ಕಲಿಸೋದಿಲ್ಲ. ನಿಮಗೆ ಚೆನ್ನಾಗಿ ಗೊತ್ತಿರೋ ಎರಡು ಪದಗಳನ್ನು ಹಲಗೆ ಮೇಲೆ ಬರೆದಿದ್ದೇವೆ. ಓದಿ ನೋಡೋಣ.

ಮಳೆ. ಮಣ್ಣು.

ಓದಿದಿರಿ. ಎರಡೂ ‘ಮ’ದಿಂದ ಶುರು. ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಕೂಡ ‘ಮ’ದಿಂದಲೇ ಶುರು. ಈ ಮೂರು ತಾಲ್ಲೂಕಿನ ಬದುಕು ನಿಂತಿರೋದೂ ಈ ಎರಡು ಪದಗಳ ಮೇಲೆ. ಮಳೆ ಬೇಕು, ಮಣ್ಣೂ ಬೇಕು. ಆದರೆ ಎಷ್ಟೋ ಸಲ ಮಳೆ ಬಂದಾಗಲೇ ಮಣ್ಣು ಹೋಗುತ್ತೆ. ಯಾಕೆ? ಅದನ್ನು ಇವತ್ತು ಮಾತಾಡೋಣ.

ನಮ್ಮ ಹೊಲದಲ್ಲಿ ನಡೆದದ್ದು

ನಾವು ಈಗ ಶಾಲೆಯಲ್ಲಿ ಪಾಠ ಹೇಳುವವರು. ಆದರೆ ಹುಟ್ಟಿದ್ದು ರೈತರ ಮನೆಯಲ್ಲೇ. ನಮಗೆ ಮುಕ್ಕಾಲು ಎಕರೆ ದಿಣ್ಣೆ ಹೊಲ ಇದೆ. ನಾಲೆ ನೀರು ಅಲ್ಲಿಗೆ ಹತ್ತೋದಿಲ್ಲ. ಕೆಂಪು ಮಣ್ಣು. ಮೇಲಿನಿಂದ ಕೆಳಕ್ಕೆ ಇಳಿಜಾರು.

ಒಂದು ವರ್ಷ ಭರಣಿ ಮಳೆ ಹದವಾಗಿ ಬಂತು. ಅವ್ವನಿಗೆ ಖುಷಿಯೋ ಖುಷಿ. ಉಳೋದಕ್ಕೆ ಬಾಡಿಗೆ ಟ್ರಾಕ್ಟರು ಕರೆಸಿದೆವು. ಗಂಟೆಗೆ ಇಷ್ಟು ಅಂತ ಬಾಡಿಗೆ. ಅಡ್ಡಡ್ಡ ಉತ್ತರೆ ಮತ್ತೆ ಮತ್ತೆ ತಿರುಗಿಸಬೇಕು, ಹೊತ್ತು ಜಾಸ್ತಿ ಆಗುತ್ತೆ. ಅದಕ್ಕೆ ‘ಮೇಲಿನಿಂದ ಕೆಳಕ್ಕೆ ಉದ್ದಕ್ಕೇ ಉತ್ತುಬಿಡಪ್ಪ’ ಅಂದೆವು. ಹಾಗೆ ಹೇಳಿದ್ದು ನಾವೇ. ಆಮೇಲೆ ಎಳ್ಳು ಚೆಲ್ಲಿದೆವು.

ಎಳ್ಳು ಚೆಲ್ಲಿ ಒಂಬತ್ತು ದಿನ ಆಗಿತ್ತು. ಸಂಜೆ ಕೃತ್ತಿಕೆ ಮಳೆ ಹುಯ್ತು. ಗುಡುಗು, ಸಿಡಿಲು, ಬಿರುಗಾಳಿ. ಮುಕ್ಕಾಲು ಗಂಟೆ ಹುಯ್ದು ನಿಂತುಬಿಡ್ತು. ಬೆಳಿಗ್ಗೆ ಹೋಗಿ ನೋಡಿದರೆ ಉತ್ತ ಸಾಲೆಲ್ಲಾ ಕಾಲುವೆ ಆಗಿತ್ತು. ಎಳ್ಳಿನ ಮೊಳಕೆಯೂ ಇಲ್ಲ, ಮೇಲಿನ ಮಣ್ಣೂ ಇಲ್ಲ. ಅಷ್ಟೂ ಹೊಲದ ತಳಕ್ಕೆ ಇಳಿದು ಪಕ್ಕದವರ ಗದ್ದೆ ಬದುವಿನ ಹತ್ತಿರ ಗುಡ್ಡೆ ಬಿದ್ದಿತ್ತು.

ಅವ್ವ ಒಂದು ಹಿಡಿ ಮಣ್ಣು ಎತ್ತಿಕೊಂಡರು. “ಬಿತ್ತನೆ ಇನ್ನೊಂದ್ಸಲ ತರಬೌದು ಕಣವ್ವಾ. ಈ ಮಣ್ಣ ಯಾವ ಅಂಗಡೀಲಿ ತಂದೀಯೆ?” ಅಂದರು.

ಆ ಮಾತಿಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಓದಿದವರಾಗಿ ನಾವು ಯೋಚನೆ ಮಾಡಿರಲಿಲ್ಲ. ಒಂದು ಗಂಟೆ ಬಾಡಿಗೆ ಉಳಿಸೋಕೆ ಹೋಗಿ ಮಣ್ಣು ಕಳೆದೆವು. ಅವತ್ತಿನಿಂದ ಈ ವಿಷಯ ತಿಳಿದುಕೊಳ್ಳೋಕೆ ಶುರು ಮಾಡಿದೆವು.

ಒಂದೊಂದು ಮಳೆ ಒಂದೊಂದು ಥರ

ಮಳೆಗಳ ಹೆಸರು ನಮಗಿಂತ ನಿಮಗೆ ಚೆನ್ನಾಗಿ ಗೊತ್ತು. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ. ಇವು ಏಪ್ರಿಲ್, ಮೇ ತಿಂಗಳ ಮಳೆಗಳು. ಬೇಸಿಗೆಯಲ್ಲಿ ನೆಲ ಕಾದು ಹೆಂಚಾಗಿರುತ್ತೆ. ಬಿಸಿ ಗಾಳಿ ಮೇಲಕ್ಕೆ ಏರುತ್ತೆ. ಅದರ ಜೊತೆ ಆವಿಯೂ ಏರಿ ಮೋಡ ಬೆಟ್ಟದ ಹಾಗೆ ಎದ್ದು ನಿಲ್ಲುತ್ತೆ. ಸಂಜೆ ಹೊತ್ತಿಗೆ ಗುಡುಗಿ ಒಂದೇ ಸಲ ಸುರಿಯುತ್ತೆ. ದಪ್ಪ ಹನಿ, ಸ್ವಲ್ಪ ಹೊತ್ತು, ಬಿರುಸು ಜಾಸ್ತಿ.

ಮೃಗಶಿರೆ, ಆರಿದ್ರೆ, ಪುನರ್ವಸು ಬಂದಾಗ ಬೇರೆ ಥರ. ಅದು ಜೂನ್, ಜುಲೈ. ಅರಬ್ಬೀ ಸಮುದ್ರದಿಂದ ಗಾಳಿ ಮೋಡ ಹೊತ್ತು ಬರುತ್ತೆ. ಕೊಡಗಿನ ಬೆಟ್ಟಗಳು ಅಡ್ಡ ನಿಂತು ಹೆಚ್ಚು ಮಳೆಯನ್ನು ಅಲ್ಲೇ ಇಳಿಸಿಕೊಳ್ಳುತ್ತವೆ. ಬೆಟ್ಟ ದಾಟಿ ನಮ್ಮ ಕಡೆ ಬರೋದು ಹೆಚ್ಚಾಗಿ ಜಿನುಗು ಮಳೆ. ಕೊಡಗಿನ ಮಳೆಯಿಂದ ಕನ್ನಂಬಾಡಿ ಕಟ್ಟೆ ತುಂಬಿ ನಮ್ಮ ನಾಲೆಗೆ ನೀರು ಬರುತ್ತೆ. ಆದರೆ ನಾಲೆ ಹತ್ತದ ದಿಣ್ಣೆ ಹೊಲಕ್ಕೆ ನಮ್ಮ ತಲೆ ಮೇಲೆ ಬಿದ್ದ ಮಳೆಯೇ ಗತಿ.

ಉತ್ತರೆ, ಹಸ್ತ, ಚಿತ್ತೆ ಬಂತು ಅಂದರೆ ಮತ್ತೆ ದೊಡ್ಡ ಮಳೆ. ಅದು ಸೆಪ್ಟೆಂಬರ್, ಅಕ್ಟೋಬರ್. ನಮ್ಮ ಸೀಮೆಯಲ್ಲಿ ಜೋರು ಮಳೆ ಆಗೋದು ಈ ಹೊತ್ತಿನಲ್ಲೇ. ಕೆರೆ ತುಂಬಿ ಕೋಡಿ ಬೀಳೋದೂ ಆಗಲೇ.

ಈಗ ಹೇಳಿ. ದಿನವಿಡೀ ಜಿನುಗುವ ಮಳೆ ಮಣ್ಣು ಕೊಚ್ಚುತ್ತಾ? ಇಲ್ಲ. ನೆಲ ಕುಡಿಯೋದಕ್ಕೆ ಅದು ಬಿಡುವು ಕೊಡುತ್ತೆ. ಮಗುವಿಗೆ ಒಳಲೆಯಲ್ಲಿ ಹಾಲು ಹಾಕಿದ ಹಾಗೆ. ಒಂದೇ ಸಲ ಸುರಿದರೆ ಮಗು ನುಂಗುತ್ತಾ? ಕಟವಾಯಿಯಿಂದ ಹೊರಗೆ ಹರಿದುಹೋಗುತ್ತೆ. ಬಿರುಸು ಮಳೆಯಲ್ಲಿ ನೆಲದ ಪಾಡೂ ಅಷ್ಟೇ. ಕುಡಿದು ಮಿಕ್ಕಿದ ನೀರು ಇಳಿಜಾರು ಹಿಡಿದು ಓಡುತ್ತೆ.

ಅದಕ್ಕೇ ‘ಈ ವರ್ಷ ಎಷ್ಟು ಮಳೆ ಬಂತು’ ಅಂತ ಕೇಳಿದರೆ ಸಾಲದು. ‘ಹೇಗೆ ಬಂತು’ ಅಂತಲೂ ಕೇಳಬೇಕು. ‘ಬಂದಾಗ ನಮ್ಮ ನೆಲ ಹೇಗಿತ್ತು’ ಅಂತಲೂ ಕೇಳಬೇಕು.

ಮಳೆ ಬರೋದು ನಮ್ಮ ಕೈಲಿಲ್ಲ. ನೆಲ ಹೇಗಿರಬೇಕು ಅನ್ನೋದು ನಮ್ಮ ಕೈಲಿದೆ.

ಎರಡು ಡಬ್ಬ, ಎರಡು ಲೋಟ

ಇಲ್ಲಿ ನೋಡಿ. ಹಳೇ ಎಣ್ಣೆ ಡಬ್ಬವನ್ನು ಉದ್ದಕ್ಕೆ ಸೀಳಿ ಎರಡು ತಟ್ಟೆ ಮಾಡಿ ತಂದಿದ್ದೇವೆ. ಎರಡರಲ್ಲೂ ಒಂದೇ ಹೊಲದ ಕೆಂಪು ಮಣ್ಣು. ಒಂದರ ಮೇಲೆ ಏನೂ ಇಲ್ಲ, ಬೋಳು. ಇನ್ನೊಂದರ ಮೇಲೆ ರಾಗಿ ಹುಲ್ಲು ಹರಡಿದ್ದೇವೆ. ಎರಡಕ್ಕೂ ಒಂದು ಕಡೆ ಇಟ್ಟಿಗೆ ಕೊಟ್ಟು ಎತ್ತರ ಮಾಡಿದ್ದೇವೆ. ತಗ್ಗಿನ ಬಾಯಿಗೆ ಒಂದೊಂದು ಗಾಜಿನ ಲೋಟ.

ಮುಂದೆ ಬನ್ನಿ. ಈ ತೂತಿನ ಡಬ್ಬದಲ್ಲಿ ಒಂದು ಚೊಂಬು ನೀರು ಹಾಕಿ ಮೇಲಿನಿಂದ ಹುಯ್ಯಿರಿ. ಇದೇ ನಮ್ಮ ಮಳೆ. ಈಗ ಇನ್ನೊಂದಕ್ಕೂ ಅಷ್ಟೇ ನೀರು, ಅಷ್ಟೇ ಎತ್ತರದಿಂದ.

ಏನಾಯ್ತು? ಬೋಳು ಮಣ್ಣಿನ ಲೋಟ ಬೇಗ ತುಂಬಿತು. ನೀರು ಕೆಂಪಗೆ ಕದಡಿದೆ. ಹುಲ್ಲು ಹೊದಿಸಿದ ಕಡೆ ನೀರು ನಿಧಾನವಾಗಿ ಬಂತು, ಕಮ್ಮಿ ಬಂತು, ತಿಳಿಯಾಗಿ ಬಂತು. ಮಿಕ್ಕ ನೀರು ಎಲ್ಲಿ? ಮಣ್ಣಿನ ಒಳಗೆ ಇದೆ. ಕೈ ಹಾಕಿ ನೋಡಿ, ತಂಪಾಗಿದೆ.

ದಪ್ಪ ಮಳೆಹನಿ ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ನೆಲಕ್ಕೆ ಬೀಳುತ್ತೆ. ಊರೊಳಗೆ ಬಸ್ಸು ಓಡುವಷ್ಟು ವೇಗ. ಒಂದು ಹನಿ ಅಂದರೆ ಒಂದು ಸಣ್ಣ ಸುತ್ತಿಗೆ. ಬೋಳು ಹೊಲಕ್ಕೆ ಬಿದ್ದರೆ ಹೆಂಟೆ ಒಡೆದು ಪುಡಿ ಮಾಡುತ್ತೆ. ಆ ಪುಡಿ ಹೋಗಿ ಮಣ್ಣಿನ ಸಣ್ಣ ಸಣ್ಣ ತೂತು ಮುಚ್ಚುತ್ತೆ. ಬಾಯಿ ಮುಚ್ಚಿದ ಮೇಲೆ ನೆಲ ನೀರು ಹೇಗೆ ಕುಡಿದೀತು? ನೀರೆಲ್ಲಾ ಮೇಲೇ ಓಡುತ್ತೆ. ಬಿಸಿಲು ಬಂದಾಗ ಅದೇ ಪುಡಿ ಹಕ್ಕಳೆ ಕಟ್ಟುತ್ತೆ. ನಮ್ಮ ಕೆಂಪು ಮಣ್ಣಿಗೆ ಈ ಗುಣ ಇದೆ. ಮೊಳಕೆ ಮೇಲೆ ಬರೋಕೆ ಒದ್ದಾಡೋದನ್ನು ನೀವು ನೋಡಿದ್ದೀರಿ.

ಎಲೆ, ಹುಲ್ಲು, ತರಗು ಮೇಲಿದ್ದರೆ ಪೆಟ್ಟು ಅದರ ಮೇಲೆ ಬೀಳುತ್ತೆ. ಮಣ್ಣಿಗೆ ನೀರು ಮಾತ್ರ ಇಳಿಯುತ್ತೆ.

ಲೆಕ್ಕ ಹಾಕೋಣ

ಲೆಕ್ಕದ ಪುಸ್ತಕ ತೆಗೆಯಿರಿ. ಒಂದು ಎಕರೆ ಹೊಲದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. ಒಂದು ಸಂಜೆ 50 ಮಿಲಿಮೀಟರ್ ಬಿತ್ತು, ಅಂದರೆ ಎರಡು ಅಂಗುಲ ಅಂದುಕೊಳ್ಳಿ. 50ನ್ನು 4,000ದಿಂದ ಗುಣಿಸಿ. 2,00,000 ಲೀಟರ್. ನಾವು ಸೊಂಟದ ಮೇಲೆ ಹೊರುವ ಕೊಡ 15 ಲೀಟರಿನದು ಅಂದರೆ 13,000 ಕೊಡಕ್ಕೂ ಮೇಲೆ. ಒಂದೇ ಸಂಜೆ, ಒಂದೇ ಎಕರೆ!

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸಾಮಾನ್ಯವಾಗಿ ಬೀಳುವ ಮಳೆ ಸುಮಾರು 700 ಮಿಲಿಮೀಟರ್. ಆಗ ಒಂದು ಎಕರೆಗೆ 28 ಲಕ್ಷ ಲೀಟರ್. ಇಷ್ಟು ನೀರು ಮನೆ ಬಾಗಿಲಿಗೆ ಬಂದು ಹೋಗುತ್ತೆ. ಬೇಸಿಗೆಯಲ್ಲಿ ನಾವು ಒಂದು ಕೊಡಕ್ಕಾಗಿ ನಲ್ಲಿ ಮುಂದೆ ಸಾಲು ನಿಲ್ಲುತ್ತೇವೆ.

ಈಗ ಮಣ್ಣಿನ ಲೆಕ್ಕ. 1 ಮಿಲಿಮೀಟರ್ ಅಂದರೆ ಒಂದು ರಾಗಿ ಕಾಳಿನಷ್ಟು ದಪ್ಪ. ಒಂದು ಎಕರೆಯಲ್ಲಿ ರಾಗಿ ಕಾಳಿನ ದಪ್ಪ ಮಣ್ಣು ಕೊಚ್ಚಿಹೋದರೆ ಕಣ್ಣಿಗೆ ಗೊತ್ತೇ ಆಗೋದಿಲ್ಲ. ಆದರೆ ಅದರ ತೂಕ ಸುಮಾರು 5 ಟನ್. 50 ಕೆ.ಜಿ. ಮೂಟೆಯಲ್ಲಿ ತುಂಬಿದರೆ 100 ಮೂಟೆ. ಆ ಮೂಟೆಯಲ್ಲಿ ನೀವು ತಲೆ ಮೇಲೆ ಹೊತ್ತು ಹಾಕಿದ ತಿಪ್ಪೆ ಗೊಬ್ಬರ ಇದೆ. ಸಾಲ ಮಾಡಿ ತಂದ ಅಂಗಡಿ ಗೊಬ್ಬರವೂ ಇದೆ. ಹೋಗುವಾಗ ಮೊದಲು ಹೋಗೋದು ಮೇಲಿನ ಸಾರದ ಮಣ್ಣೇ. ಒಂದು ಅಂಗುಲ ಮೇಲ್ಮಣ್ಣು ಆಗೋಕೆ ನೂರಾರು ವರ್ಷ ಬೇಕು. ಹೋಗೋಕೆ ಕೆಲವು ಮಳೆ ಸಾಕು.

ಹೋದ ಮಣ್ಣು ಎಲ್ಲಿಗೆ ಹೋಯ್ತು?

ಮಳೆಗಾಲದಲ್ಲಿ ಶಿಂಷೆ ನೋಡಿದ್ದೀರಾ? ತುಮಕೂರು ಕಡೆ ಹುಟ್ಟಿ, ಮದ್ದೂರಿನ ಮಗ್ಗುಲಲ್ಲಿ ಹರಿದು, ಮಳವಳ್ಳಿ ತಾಲ್ಲೂಕಿನಲ್ಲಿ ಹಾದು ಕಾವೇರಿ ಸೇರುತ್ತಾಳೆ. ಮಳೆ ಬಂದಾಗ ಅವಳು ಕೆಂಪಗೆ ಹರಿಯುತ್ತಾಳೆ. ಆ ಕೆಂಪು ನಮ್ಮ ಹೊಲಗಳ ಬಣ್ಣ.

ನದಿಗೆ ಹೋಗದ ಮಣ್ಣು ಕೆರೆಯಲ್ಲಿ ಕೂರುತ್ತೆ. ಅದೇ ಹೂಳು. ಹೂಳು ತುಂಬಿದಷ್ಟೂ ಕೆರೆಯಲ್ಲಿ ನೀರಿಗೆ ಜಾಗ ಕಮ್ಮಿ. ಜೋರು ಮಳೆ ಬಂದರೆ ಬೇಗ ಕೋಡಿ ಬೀಳುತ್ತೆ. ಮಳೆ ನಿಂತರೆ ಬೇಗ ಬತ್ತುತ್ತೆ. ದಿಣ್ಣೆ ಮೇಲಿನವರ ಹೊಲ ಬಡವಾದರೆ ಬಯಲಿನವರ ಕೆರೆಯೂ ಬಡವಾಗುತ್ತೆ.

ಎರಡು ವರ್ಷ ನೆನಪು ಮಾಡಿಕೊಳ್ಳಿ. 2022ರಲ್ಲಿ ನಮ್ಮ ಜಿಲ್ಲೆಯಲ್ಲಿ ಬಹಳ ಮಳೆ. ಕೆರೆಗಳು ಕೋಡಿ ಬಿದ್ದವು. ಶಿಂಷೆ ತುಂಬಿ ಹರಿದಳು. ಗದ್ದೆ, ರಸ್ತೆಗಳ ಮೇಲೆ ನೀರು ನಿಂತಿತು. ಮರುವರ್ಷ, 2023ರಲ್ಲಿ, ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಸಾರಿತು. ಕನ್ನಂಬಾಡಿ ಕಟ್ಟೆಯೂ ಆ ವರ್ಷ ತುಂಬಲಿಲ್ಲ. ಹಿಂದಿನ ವರ್ಷ ಓಡಿಹೋದ ನೀರನ್ನು ನೆಲದೊಳಗೆ ಇನ್ನಷ್ಟು ಇಳಿಸಿಕೊಂಡಿದ್ದರೆ ಬಾವಿಗೆ, ಬೋರಿಗೆ ಅಷ್ಟಾದರೂ ಆಸರೆ ಆಗುತ್ತಿತ್ತು.

ಭೂಮಿ ಮೇಲಿನ ಗಾಳಿ ಈಗ ಹಿಂದಿಗಿಂತ ಬಿಸಿಯಾಗಿದೆ. ಗಾಳಿ ಒಂದು ಡಿಗ್ರಿ ಬಿಸಿ ಆದರೆ ಅದು ಹಿಡಿಯೋ ಆವಿ ನೂರಕ್ಕೆ ಏಳರಷ್ಟು ಹೆಚ್ಚುತ್ತೆ. ನೂರು ಚೊಂಬು ಹೊರುತ್ತಿದ್ದ ಮೋಡ ನೂರ ಏಳು ಚೊಂಬು ಹೊರುತ್ತೆ ಅಂದುಕೊಳ್ಳಿ. ಹೀಗಾಗಿ ಸುರಿದಾಗ ಬಿರುಸಾಗಿ ಸುರಿಯುವ ಮಳೆ ಹೆಚ್ಚುತ್ತಿದೆ. ನಮ್ಮ ಅಜ್ಜಿಯರ ಕಾಲಕ್ಕಿಂತ ಈಗ ಮಣ್ಣು ಕಾಯುವ ಕೆಲಸ ದೊಡ್ಡದು.

ಕಾಮೇಗೌಡರ ಕಟ್ಟೆಗಳು

‘ಇದೆಲ್ಲಾ ನಮ್ಮಂಥವರ ಕೈಲಿ ಆಗುತ್ತಾ ಟೀಚರಮ್ಮ’ ಅಂತ ಹಿಂದೆ ಕೂತಿರೋ ಅಕ್ಕ ಕೇಳ್ತಿದ್ದಾರೆ. ಮಳವಳ್ಳಿ ತಾಲ್ಲೂಕಿನ ಒಬ್ಬರ ಕಥೆ ಹೇಳುತ್ತೇವೆ.

ದಾಸನದೊಡ್ಡಿ ಅಂತ ಊರು. ಅಲ್ಲಿ ಕಾಮೇಗೌಡರು ಅಂತ ಇದ್ದರು. ಕುರಿ ಕಾಯುವವರು. ಬೆಟ್ಟದಲ್ಲಿ ಕುರಿ ಮೇಯಿಸುವಾಗ ಪ್ರಾಣಿ, ಪಕ್ಷಿಗೆ ಕುಡಿಯೋಕೆ ನೀರಿಲ್ಲದ್ದು ಕಂಡರು. ಮಳೆ ಬೀಳುತ್ತಿತ್ತು. ಆದರೆ ನೀರು ಬೆಟ್ಟ ಇಳಿದು ಓಡಿಹೋಗುತ್ತಿತ್ತು. ಅದಕ್ಕೆ ಅಡ್ಡ ಕಟ್ಟೆ ತೋಡೋಕೆ ಕೂತರು. ಕುರಿ ಮಾರಿ ಗುದ್ದಲಿ, ಹಾರೆ ತಂದರು. ವರ್ಷಗಟ್ಟಲೆ ತೋಡಿದರು. ಒಂದಾದ ಮೇಲೆ ಒಂದು, ಹನ್ನೆರಡಕ್ಕೂ ಹೆಚ್ಚು ಕಟ್ಟೆ ಆದವು. ಗಿಡ ನೆಟ್ಟು ಬೆಳೆಸಿದರು. 2020ರ ಜೂನ್‌ನಲ್ಲಿ ದೇಶದ ಪ್ರಧಾನಿ ರೇಡಿಯೋದಲ್ಲಿ ಅವರ ಹೆಸರು ಹೇಳಿದರು. 2022ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು.

ಅವರು ಮಾಡಿದ್ದು ಇಷ್ಟೇ. ಓಡುವ ನೀರನ್ನು ನಡೆಸಿದರು. ನಡೆಯುವ ನೀರನ್ನು ನಿಲ್ಲಿಸಿದರು. ನಿಂತ ನೀರನ್ನು ಇಂಗಿಸಿದರು. ನಿಂತ ನೀರಿನಲ್ಲಿ ಮಣ್ಣು ಅಲ್ಲೇ ಕೂತುಕೊಳ್ಳುತ್ತೆ.

ನಾವೇನು ಮಾಡಬೌದು?

ಬೆಟ್ಟದಲ್ಲಿ ಕಟ್ಟೆ ತೋಡೋದು ಎಲ್ಲರಿಗೂ ಆಗದು. ನಮ್ಮ ನಮ್ಮ ಹೊಲದಲ್ಲಿ ಮಾಡುವ ಕೆಲಸ ಇದೆ.

ಒಂದು. ಇಳಿಜಾರಿಗೆ ಅಡ್ಡ ಉಳಿಸಿ. ಬಾಡಿಗೆ ಸ್ವಲ್ಪ ಹೆಚ್ಚಾದರೂ ಆಗಲಿ. ಅಡ್ಡ ಸಾಲು ಒಂದೊಂದೂ ಒಂದು ಪುಟ್ಟ ಬದು. ಉದ್ದ ಸಾಲು ಒಂದೊಂದೂ ಒಂದು ಪುಟ್ಟ ಕಾಲುವೆ. ಉಳಿಸೋ ದಿನ ಮನೆಯಲ್ಲಿ ಈ ಮಾತು ಹೇಳುವವರು ನೀವಾಗಬೇಕು.

ಎರಡು. ಬದು ಹಾಕಿ. ಬದು ಮಟ್ಟವಾಗಿರಬೇಕು. ಗಾರೆ ಕೆಲಸದವರ ಹತ್ತಿರ ಮಟ್ಟ ನೋಡೋ ನೀರಿನ ಪೈಪು ಇರುತ್ತೆ, ಅದರಲ್ಲಿ ಅಳೆಯಬೌದು. ಹೆಚ್ಚಿನ ನೀರು ಹೋಗೋಕೆ ಕಲ್ಲು ಜೋಡಿಸಿ ಒಂದು ಕಡೆ ದಾರಿ ಬಿಡಿ. ಕೆರೆಗೆ ಕೋಡಿ ಇದ್ದ ಹಾಗೆ. ದಾರಿ ಇಲ್ಲದ ಬದು ಜೋರು ಮಳೆಗೆ ಒಡೆದುಹೋಗುತ್ತೆ. ಆಗ ಬದು ಇಲ್ಲದ ಹೊಲಕ್ಕಿಂತ ಹೆಚ್ಚು ನಷ್ಟ.

ಮೂರು. ಬದುವಿನ ಮೇಲೆ ಹುಲ್ಲು ಬೆಳೆಸಿ. ಲಾವಂಚದ ಬೇರು ಆಳಕ್ಕೆ ನೇರ ಇಳಿದು ಮಣ್ಣು ಹಿಡಿಯುತ್ತೆ. ಗುಂಡ್ಲುಪೇಟೆ ಕಡೆ ರೈತರು ಹಿಂದಿನಿಂದಲೂ ಹೊಲದ ಎಲ್ಲೆಗೆ ಇದನ್ನು ನೆಡುತ್ತಿದ್ದರು. ಹಸುವಿಗೆ ಮೇವು ಬೇಕಾದವರು ಮೇವಿನ ಹುಲ್ಲು ಹಾಕಿ. ಬುಡ ಸಮೇತ ಕೀಳಬೇಡಿ, ಮೇಲೆ ಕೊಯ್ಯಿರಿ.

ನಾಲ್ಕು. ಅಕ್ಕಡಿ ಸಾಲು ಬಿಡಬೇಡಿ. ರಾಗಿ ಜೊತೆ ಅವರೆ, ಅಲಸಂದೆ, ಹುಚ್ಚೆಳ್ಳು. ಒಂದು ನೆಟ್ಟಗೆ ನಿಂತರೆ ಇನ್ನೊಂದು ನೆಲದ ಮೇಲೆ ಹಬ್ಬುತ್ತೆ. ರಾಗಿ ಕೊಯ್ದ ಮೇಲೂ ಅವರೆ ನೆಲ ಮುಚ್ಚಿರುತ್ತೆ. ಬಡ ಹೊಲಕ್ಕೆ ಹುರುಳಿ ಒಳ್ಳೇ ಹೊದಿಕೆ. ಈ ಬೀಜ ಕಟ್ಟಿಡೋ ಕೆಲಸ ಮೊದಲಿನಿಂದ ಹೆಂಗಸರದ್ದೇ.

ಐದು. ತರಗು ಸುಡಬೇಡಿ. ಇದು ನಾಲೆ ಬಯಲಿನ ಅಕ್ಕಂದಿರಿಗೆ ಹೇಳೋ ಮಾತು. ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಹಾಕುತ್ತಾರೆ. ಅದನ್ನು ಸಾಲಿನ ನಡುವೆ ಹರಡಿದರೆ ಹನಿಯ ಪೆಟ್ಟು ತಡೆಯುತ್ತೆ, ಕಳೆ ಕಮ್ಮಿ ಆಗುತ್ತೆ, ಕೊಳೆತು ಗೊಬ್ಬರ ಆಗುತ್ತೆ.

ಆರು. ಊರ ಕೆರೆ ಗೋಡು ಹೊಲಕ್ಕೆ ತನ್ನಿ. ನಮ್ಮ ಹಿರಿಯರು ಬೇಸಿಗೆಯಲ್ಲಿ ಗಾಡಿ ಕಟ್ಟಿ ಹೊಡೆಯುತ್ತಿದ್ದರು. ಅದು ನಮ್ಮದೇ ಮಣ್ಣು, ವಾಪಸ್ ತರುತ್ತೇವೆ. ಗೋಡು ತೆಗೆಯುವ ಮೊದಲು ಪಂಚಾಯ್ತಿಯಲ್ಲಿ ಕೇಳಿ.

ಇನ್ನೊಂದು ಮಾತು. ಬದು, ಕೃಷಿ ಹೊಂಡದ ವಿಷಯ ಕೇಳೋಕೆ ಹೋಬಳಿಯಲ್ಲಿ ರೈತ ಸಂಪರ್ಕ ಕೇಂದ್ರ ಇದೆ. ಗ್ರಾಮಸಭೆ ನಡೆಯುವಾಗ ಹೋಗಿ ಹಿಂದೆ ನಿಲ್ಲಬೇಡಿ. ‘ನಮ್ಮ ಊರ ಕೆರೆ ಹೂಳು ತೆಗೆಸಿ, ದಿಣ್ಣೆ ಹೊಲಗಳಿಗೆ ಬದು ಹಾಕಿಸಿ’ ಅಂತ ಎರಡು ಸಾಲು ಬರೆದುಕೊಡಿ. ಕೆಳಗೆ ಎಲ್ಲರೂ ಸಹಿ ಮಾಡಿ. ಹೋದ ವರ್ಷ ನಿಮ್ಮಲ್ಲಿ ಎಷ್ಟೋ ಜನ ಹೆಬ್ಬೆಟ್ಟು ಒತ್ತುತ್ತಿದ್ದಿರಿ. ಈಗ ಹೆಸರು ಬರೆಯುತ್ತೀರಿ. ಆ ಹೆಸರು ಕೆರೆಗೂ ಕೆಲಸಕ್ಕೆ ಬರಲಿ.

ನಮ್ಮ ಹೊಲದ ಕಥೆ ಮುಗಿಸುತ್ತೇವೆ. ಮರುವರ್ಷ ಅಡ್ಡ ಉಳಿಸಿದೆವು. ಅವ್ವ ತಳದಲ್ಲಿ ನಿಂತು ಕಲ್ಲು ಜೋಡಿಸಿದರು. ಹೋದ ಮಣ್ಣು ಪೂರ್ತಿ ವಾಪಸ್ ಬರಲಿಲ್ಲ. ಮೇಲಿನ ತುದಿಯಲ್ಲಿ ಇವತ್ತಿಗೂ ಕಲ್ಲು ಎದ್ದು ಕಾಣುತ್ತೆ, ಪೈರು ಗಿಡ್ಡ. ಆದರೆ ಆಮೇಲೆ ಅಂಥ ಕೊರಕಲು ಬೀಳಲಿಲ್ಲ.

ಮನೆಗೆ ಒಂದು ಕೆಲಸ

ಮುಂದಿನ ಜೋರು ಮಳೆ ಬಂದು ನಿಂತ ಕೂಡಲೇ ಹೊಲದ ತಳಕ್ಕೆ ಹೋಗಿ. ಸಿಡಿಲು ಗುಡುಗು ಇರುವಾಗ ಹೋಗಬೇಡಿ. ಹರಿಯುವ ನೀರನ್ನು ಒಂದು ಗಾಜಿನ ಲೋಟದಲ್ಲಿ ಹಿಡಿಯಿರಿ. ಮನೆಗೆ ತಂದು ಅಲುಗಾಡದ ಕಡೆ ಇಡಿ. ಬೆಳಿಗ್ಗೆ ತಳದಲ್ಲಿ ಎಷ್ಟು ಮಣ್ಣು ಕೂತಿದೆ ಅಂತ ಬೆರಳಿಟ್ಟು ಅಳೆಯಿರಿ.

ಆಮೇಲೆ ನಿಮ್ಮ ಪುಸ್ತಕದಲ್ಲಿ ನಾಲ್ಕು ಸಾಲು ಬರೆಯಿರಿ.

ಮಳೆಯ ಹೆಸರು ಏನು?
ಎಷ್ಟು ಹೊತ್ತು ಹುಯ್ತು?
ಹೊಲದಲ್ಲಿ ಏನಿತ್ತು? ಬೋಳೋ, ಪೈರೋ, ಹುಲ್ಲೋ?
ಲೋಟದಲ್ಲಿ ಎಷ್ಟು ಮಣ್ಣು ಕೂತಿತ್ತು?

ಮುಂದಿನ ವಾರ ಎಲ್ಲರೂ ಓದಿ ಹೇಳಬೇಕು. ಯಾರ ಲೋಟದಲ್ಲಿ ಮಣ್ಣು ಕಮ್ಮಿ ಇದೆಯೋ ಅವರ ಹೊಲಕ್ಕೆ ನಾವೆಲ್ಲಾ ಹೋಗಿ ನೋಡಿಕೊಂಡು ಬರೋಣ.

ಹೊತ್ತಾಯ್ತು. ಹುಷಾರಾಗಿ ಮನೆಗೆ ಹೋಗಿ ಬನ್ನಿ.